ನಡುಮನೆಯ ಗೆರೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸುಸ್ತಾಗಿದೆ. ಕಾರ್ಪೆಟ್ ಕೊಳ್ಳುವುದು ಅಂದರೆ ಏನು ಮಹಾ? ಅಂಗಡಿಗೆ ಹೋಗುವುದು, ನಾಲ್ಕು ನೋಡುವುದು, ಇದು ಇರಲಿ ಅನ್ನುವುದು, ಮನೆಗೆ ಬರುವುದು. ಅರ್ಧ ದಿನದ ಕೆಲಸ. ನಮ್ಮ ಮನೆಯಲ್ಲಿ ಅದು ಐದು ಭಾನುವಾರ ತಿಂದಿತು, ಹನ್ನೊಂದು ಅಂಗಡಿ ಹತ್ತಿಸಿ ಇಳಿಸಿತು. ವಾರದ ಆರು ದಿನ ನಾನು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಕೂರುವವಳು. ನಲ್ಲಿ ಬರಲಿಲ್ಲ, ಪೈಪು ಒಡೆಯಿತು, ನೀರಿನಲ್ಲಿ ಹುಳ ಬಂತು ಎಂದು ಊರೆಲ್ಲ ಬಂದು ನನ್ನ ಮುಖಕ್ಕೆ ಕೂಗಿ ಹೋಗುತ್ತದೆ. ಏಳನೆಯ ದಿನವೂ ದೂರು ಕೇಳಬೇಕು ಎಂದು ನನ್ನ ಹಣೆಯಲ್ಲಿ ಬರೆದಿತ್ತು. ಆ ದೂರು ನಮ್ಮ ಮಾವನವರದು.

ಮಾವನವರಿಗೆ ಎಪ್ಪತ್ತಾರು. ಮೂವತ್ತೆಂಟು ವರ್ಷ ಅವರು ಕಾರ್ಪೆಟ್ ಗಿರಣಿಯಲ್ಲಿ ಉಣ್ಣೆಗೆ ಬಣ್ಣ ಹಾಕುವ ಕೆಲಸ ಮಾಡಿದರು. ಓಣಿಯಲ್ಲಿ ಅವರನ್ನು ಬಣ್ಣದ ಮೇಷ್ಟ್ರು ಅನ್ನುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಇವರು ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರೇನೋ ಅಂದುಕೊಂಡಿದ್ದೆ. ಹಾಗೆಂದು ಬಾಯಿ ತಪ್ಪಿ ಕೇಳಿಯೂ ಬಿಟ್ಟಿದ್ದೆ. ಅದನ್ನು ಇವತ್ತಿಗೂ ಬಂದವರ ಮುಂದೆಲ್ಲ ಹೇಳಿ ನನ್ನ ಮಾನ ಹರಾಜು ಹಾಕುತ್ತಾರೆ.

ಗಿರಣಿಯಲ್ಲಿ ಬಣ್ಣ ಕುದಿಯುವ ದೊಡ್ಡ ಹಂಡೆಗಳಿಗೆ ಬಾನಿ ಅನ್ನುತ್ತಿದ್ದರಂತೆ. ಒಂದು ಬಾನಿಯಲ್ಲಿ ಬೆಂದ ಉಣ್ಣೆಯ ಬಣ್ಣವೇ ಒಂದು, ಇನ್ನೊಂದು ಬಾನಿಯದೇ ಇನ್ನೊಂದು. ಅಳತೆ, ನೀರು, ಬೆಂಕಿ ಎಲ್ಲ ಒಂದೇ ಇದ್ದರೂ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದಂತೆ. ಆ ಕೂದಲೆಳೆಯನ್ನು ಹಿಡಿಯುವುದೇ ಮಾವನವರ ಕೆಲಸ. ಎರಡು ಬಾನಿಯ ಉಣ್ಣೆಯನ್ನು ಅಕ್ಕಪಕ್ಕ ಇಟ್ಟು ನೋಡಿ, ಎರಡೂ ಒಂದೇ ಅನ್ನಿಸಿದರೆ ಜೇಬಿನಿಂದ ಬಿಳಿ ದಾರ ತೆಗೆದು ಎರಡಕ್ಕೂ ಮೂರು ಸುತ್ತಿನ ಗಂಟು ಹಾಕುತ್ತಿದ್ದರು. ಮೇಷ್ಟ್ರ ಗಂಟು ಬಿತ್ತು ಅಂದರೆ ಮುಗಿಯಿತು, ಆಮೇಲೆ ಗಿರಣಿಯ ಮಾಲೀಕನೂ ಕೇಳುವಂತಿಲ್ಲ. ನೇಯ್ದ ಮೇಲೆ ಆ ಗಂಟನ್ನೇ ಕಾರ್ಪೆಟ್ಟಿನ ಮೂಲೆಗೆ ಹೊಲಿಯುತ್ತಿದ್ದರಂತೆ. ಗಿರಣಿ ಬಿಟ್ಟು ಹದಿನಾರು ವರ್ಷವಾದರೂ ಅವರ ಅಂಗಿಯ ಜೇಬಿನಲ್ಲಿ ಬಿಳಿ ದಾರದ ಉಂಡೆ ಇದ್ದೇ ಇರುತ್ತದೆ. ಎಷ್ಟು ಅಂಗಿಗಳ ಜೊತೆ ನಾನು ಅದನ್ನು ಒಗೆದಿದ್ದೇನೋ ಲೆಕ್ಕವಿಲ್ಲ.

ನಮ್ಮ ನಡುಮನೆಯಲ್ಲಿ ಮೂವತ್ತೊಂದು ವರ್ಷದಿಂದ ಒಂದು ಕೆಂಪು ಕಾರ್ಪೆಟ್ ಬಿದ್ದುಕೊಂಡಿತ್ತು. ಅದು ಮನೆಗೆ ಬಂದ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಯಾವುದೋ ಹೋಟೆಲಿಗೆಂದು ನೇಯಿಸಿದ್ದು ಅದು. ಬೇಗ ಬೇಗ ಎಂದು ಮ್ಯಾನೇಜರು ಬೆನ್ನು ಹತ್ತಿದ್ದಕ್ಕೆ ಮಾವನವರು ಸಂಜೆ ಹೊತ್ತು, ದೀಪದ ಬೆಳಕಿನಲ್ಲಿ ಎರಡು ಬಾನಿ ನೋಡಿ ಗಂಟು ಹಾಕಿಬಿಟ್ಟರು. ನೇಯ್ದು ಮುಗಿದ ಮೇಲೆ ಒಂದು ಬೆಳಗ್ಗೆ ನೋಡುತ್ತಾರೆ, ಕಾರ್ಪೆಟ್ಟಿನ ಈ ಕೊನೆಯಿಂದ ಆ ಕೊನೆಗೆ ಒಂದು ಗೆರೆ. ಗೆರೆಯ ಈಚೆ ಒಂದು ಕೆಂಪು, ಆಚೆ ಇನ್ನೊಂದು ಕೆಂಪು. ಇವರೇ ಮ್ಯಾನೇಜರ ಹತ್ತಿರ ಹೋಗಿ, ತಪ್ಪಾಗಿದೆ, ಇದನ್ನು ಕಳಿಸಬೇಡಿ ಅಂದರು. ಮ್ಯಾನೇಜರು ಬಂದು ನೋಡಿದ, ಅವನಿಗೆ ಗೆರೆ ಕಾಣಲಿಲ್ಲ. ನೇಕಾರರಿಗೆ ಕಾಣಲಿಲ್ಲ. ಹೋಟೆಲಿನವರೇ ಬಂದು ನೋಡಿ, ಏನೂ ಇಲ್ಲವಲ್ಲ, ಕೊಡಿ ಅಂದರು. ಮಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ಮ್ಯಾನೇಜರು ತಲೆ ಚಚ್ಚಿಕೊಂಡು, ಹಾಗಾದರೆ ನಿಮ್ಮ ಮನೆಗೇ ಹೊತ್ಕೊಂಡು ಹೋಗಿ ಅಂದನಂತೆ. ಇವರು ಹೊತ್ತುಕೊಂಡು ಬಂದರು.

ಅವತ್ತಿನಿಂದ ಮನೆಗೆ ಯಾರೇ ಬರಲಿ, ಕೂರುವ ಮೊದಲೇ ಮಾವನವರ ಪ್ರಶ್ನೆ: "ಗೆರೆ ಕಾಣುತ್ತಾ?"

ನಾನು ಈ ಮನೆಗೆ ಬಂದ ಮೊದಲ ದಿನ ನನ್ನನ್ನೂ ಕೇಳಿದ್ದರು. ನಾನು ಬಗ್ಗಿ ನೋಡಿದೆ, ಕೂತು ನೋಡಿದೆ, ಮಂಡಿಯೂರಿ ನೋಡಿದೆ. ದೇವರಾಣೆಗೂ ಏನೂ ಕಾಣಲಿಲ್ಲ. ಇಲ್ಲ ಮಾವ ಅಂದೆ. "ಪಾಪ, ಒಳ್ಳೆ ಹುಡುಗಿ, ನನ್ನ ಮನಸ್ಸು ನೋಯಿಸಬಾರದು ಅಂತ ಸುಳ್ಳು ಹೇಳ್ತಾಳೆ" ಅಂದರು. ಅತ್ತೆಗಂತೂ ಈ ಪ್ರಶ್ನೆ ಮೂವತ್ತೊಂದು ವರ್ಷದಲ್ಲಿ ಎಷ್ಟು ಸಲ ಬಂದಿದೆಯೋ. ಪ್ರತಿ ಸಲವೂ ಅತ್ತೆ, "ಇಲ್ಲಾರೀ, ಕಾಣಲ್ಲ" ಅನ್ನುವುದು. ಪ್ರತಿ ಸಲವೂ ಮಾವ, "ಸುಳ್ಳು ಹೇಳ್ಬೇಡ" ಅನ್ನುವುದು. ಒಮ್ಮೆ ಅತ್ತೆಗೆ ರೇಗಿ, "ಕಾಣುತ್ತೆ, ಬೇಲಿ ಹಾಕಿದ ಹಾಗೆ ಕಾಣುತ್ತೆ, ಸಾಕಾ?" ಅಂದಿದ್ದರಂತೆ. ಅವತ್ತು ಮಾವ ಊಟ ಬಿಟ್ಟರಂತೆ. ಅದಾದ ಮೇಲೆ ಅತ್ತೆ ಮತ್ತೆ ಇದ್ದದ್ದನ್ನೇ ಹೇಳತೊಡಗಿದರು.

ಆ ಕಾರ್ಪೆಟ್ಟು ಸವೆಯಿತು. ಅಡುಗೆಮನೆಯ ಬಾಗಿಲ ಹತ್ತಿರ ಮೊದಲು ನೂಲು ಎದ್ದಿತು, ಆಮೇಲೆ ಅಂಗೈಯಷ್ಟು ತೂತಾಯಿತು. ಎಸೆಯೋಣ ಅಂದರೆ ಮಾವ, "ನನ್ನ ತಪ್ಪು ನನ್ನ ಕಣ್ಣೆದುರಿಗೇ ಇರ್ಬೇಕು" ಅನ್ನುವರು. ಎರಡು ತಿಂಗಳ ಹಿಂದೆ ಅತ್ತೆಯ ಕಾಲಿನ ಹೆಬ್ಬೆರಳು ಆ ತೂತಿಗೆ ಸಿಕ್ಕಿಕೊಂಡು, ಕೈಯಲ್ಲಿದ್ದ ಪಾತ್ರೆ ಸಮೇತ ಮುಗ್ಗರಿಸಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಹೊರಬಂದವರು ರಸ್ತೆಯಲ್ಲೇ ನಿಂತು ಹೇಳಿದರು:

"ನಿಮ್ಮ ತಪ್ಪು ನಿಮ್ಮ ಕಣ್ಣೆದುರಿಗೆ ಇರ್ಲಿ. ನನ್ನ ಕಾಲಡಿಗೆ ಬೇಡ. ಅದು ಹೋಗೋ ತನಕ ನಾನು ಆ ಹೊಸ್ತಿಲು ತುಳಿಯಲ್ಲ."

ಹೇಳಿದವರು ಸೀದಾ ಮಗಳ ಮನೆಗೆ ಹೋದರು. ಮಗಳು ಅಂದರೆ ನನ್ನ ನಾದಿನಿ. ಅವಳ ಮನೆ ಊರಿನ ಆ ತುದಿಯಲ್ಲಿ.

ಅತ್ತೆ ಮನೆಯಲ್ಲಿಲ್ಲ ಎಂದು ಸಂತೋಷಪಡುವ ಸೊಸೆಯರಿರಬಹುದು. ನಾನು ಆ ಪೈಕಿ ಅಲ್ಲ. ನಮ್ಮ ಮನೆ ನಡೆಯುತ್ತಿದ್ದದ್ದೇ ಅತ್ತೆಯಿಂದ. ನನ್ನ ಗಂಡ ಬಸ್ ಚಾಲಕ, ಅವರ ಪಾಳಿ ಇವತ್ತು ಬೆಳಗಿನದು, ನಾಳೆ ಮಧ್ಯಾಹ್ನದ್ದು. ಭಾನುವಾರ ರಜೆ ಅನ್ನುವುದು ಅವರಿಗೆ ಗೊತ್ತೇ ಇಲ್ಲ. ಕಚೇರಿಯಿಂದ ಬಂದು ಅಡುಗೆ, ಪಾತ್ರೆ, ಬಟ್ಟೆ ಎಲ್ಲ ನನ್ನ ತಲೆಯ ಮೇಲೆ ಬಿತ್ತು. ಕುಕ್ಕರಿನ ಮುಂದೆ ನಿಂತಲ್ಲೇ ತೂಕಡಿಸಿ ಗೋಡೆಗೆ ಹಣೆ ಬಡಿಸಿಕೊಂಡದ್ದುಂಟು. ಮಾವನ ಪಾಡು ಇನ್ನೊಂದು ಥರ. ಬಡಿಸಿದ್ದನ್ನು ಅರ್ಧ ತಿಂದು ಏಳುವರು. ಬಾಗಿಲು ಸದ್ದಾದರೆ ಎದ್ದು ಹೋಗಿ ನೋಡುವರು. ಒಂದು ವಾರ ತಡೆದುಕೊಂಡರು, ಎಂಟನೆಯ ದಿನ ನನ್ನ ಹತ್ತಿರ ಬಂದು, "ಹೊಸದು ಹಾಕ್ಸೋಣ ಕಣಮ್ಮ. ಆದ್ರೆ ಆರಿಸೋದು ನಾನು" ಅಂದರು.

ನನಗೆ ಅಷ್ಟೇ ಸಾಕಾಗಿತ್ತು. ಅತ್ತೆ ಮನೆಗೆ ಬರಬೇಕು, ಅದಕ್ಕೆ ಕಾರ್ಪೆಟ್ ಬರಬೇಕು, ಅದಕ್ಕೆ ಮಾವನ ಗಂಟು ಬೀಳಬೇಕು. ಒಂದು ಭಾನುವಾರದ ಮಾತು ಅಂದುಕೊಂಡೆ.

ಮೊದಲ ಅಂಗಡಿಯಲ್ಲಿ ಮಾವ ಕಾರ್ಪೆಟ್ಟಿನ ಮುಖವನ್ನೇ ನೋಡಲಿಲ್ಲ. ಮಗುಚಿ ಹಾಕಿಸಿ ಬೆನ್ನು ನೋಡಿದರು, ಒಂದು ಎಳೆ ಕಿತ್ತು ಬೆರಳಲ್ಲಿ ಹೊಸೆದರು, ಒದ್ದೆ ಕರವಸ್ತ್ರದಿಂದ ಉಜ್ಜಿದರು. "ಇದನ್ನ ಹೊರಗೆ ತಗೊಂಡು ಬನ್ನಿ, ಬಿಸಿಲಲ್ಲಲ್ಲ, ನೆರಳಲ್ಲಿ ನೋಡ್ಬೇಕು" ಅಂದರು. ಟೈ ಕಟ್ಟಿದ್ದ ಮಾರಾಟಗಾರ, "ಸರ್, ನಮ್ಮಲ್ಲಿ ಒಳ್ಳೆ ಲೈಟಿದೆ" ಅಂದ. ಮಾವ ಅವನನ್ನು ನೋಡಿದ ನೋಟ ನೋಡಿ ನಾನೇ ಬಾಗಿಲ ಕಡೆ ಹೊರಟೆ. ದೀಪದ ಬೆಳಕಿನಲ್ಲಿ ಒಮ್ಮೆ ಮೋಸ ಹೋದವರು ಅವರು, ಇನ್ನೊಮ್ಮೆ ಹೋಗುವವರಲ್ಲ.

ನಾಲ್ಕನೆಯ ಅಂಗಡಿಯಲ್ಲಿ, ಇದು ಅಪ್ಪಟ ಉಣ್ಣೆ ಎಂದು ಅಂಗಡಿಯವನು ಆಣೆ ಹಾಕಿದ್ದಕ್ಕೆ ಮಾವ ಕಿತ್ತ ಎಳೆಗೆ ಬೆಂಕಿಕಡ್ಡಿ ಗೀರಿ ಹಿಡಿದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕಂತೆ. ಬಂದದ್ದು ಪ್ಲಾಸ್ಟಿಕ್ಕಿನ ವಾಸನೆ, ಅದರ ಹಿಂದೆಯೇ ಕಾವಲುಗಾರ. ನಮ್ಮಿಬ್ಬರನ್ನೂ ರಸ್ತೆಗೆ ಬಿಟ್ಟು ಬಾಗಿಲು ಹಾಕಿದರು. ನಲವತ್ತೆರಡು ವರ್ಷದ ನಾನು, ಸರ್ಕಾರಿ ನೌಕರಿಯಲ್ಲಿರುವವಳು, ಅಂಗಡಿಯಿಂದ ಹೊರದಬ್ಬಿಸಿಕೊಂಡೆ. ಮಾವನವರಿಗೆ ಮಾತ್ರ ಯುದ್ಧ ಗೆದ್ದ ಖುಷಿ.

ಏಳನೆಯ ಅಂಗಡಿಯಲ್ಲಿ ಬಣ್ಣಗಳಿಗೆಲ್ಲ ಹೆಸರಿತ್ತು. ಮುಸ್ಸಂಜೆ, ಒಣದ್ರಾಕ್ಷಿ, ಹಳೇ ಗುಲಾಬಿ. "ಹೆಸರಿದೆ, ಬಣ್ಣ ಎಲ್ಲಿ?" ಅಂದರು ಮಾವ.

"ಇದು ಚೆನ್ನಾಗಿದೆಯಲ್ಲ ಮಾವ?" ನನ್ನ ಕಾಲು ಆಗಲೇ ಸೋತಿತ್ತು, ಯಾವುದನ್ನು ತೋರಿಸಿದೆನೋ ನನಗೇ ಗೊತ್ತಿಲ್ಲ.

"ಚೆನ್ನಾಗಿದೆ ಕಣಮ್ಮ. ಹೆಣಕ್ಕೆ ಪೌಡರ್ ಹಾಕಿದ ಹಾಗಿದೆ."

ಎಲ್ಲ ಕಡೆಯೂ ಅದೇ ಮಾತು. ಈಗಿನ ಬಣ್ಣಕ್ಕೆ ಜೀವ ಇಲ್ಲ. ಎಲ್ಲ ಬೂದಿ ಬೂದಿ. ವಾಪಸು ಬರುವಾಗ ತರಕಾರಿ ಅಂಗಡಿಯಲ್ಲಿ ಟೊಮೇಟೊ ಎತ್ತಿ ಹಿಡಿದು, "ನೋಡು, ಇದಕ್ಕೂ ಬಣ್ಣ ಇಲ್ಲ, ಔಷಧಿ ಹೊಡೆದು ಹೊಡೆದು ಹಾಳು ಮಾಡಿದ್ದಾರೆ" ಅಂದರು. ಟೊಮೇಟೊ ನನಗೆ ಕೆಂಪಗೇ ಕಂಡಿತು. ವಯಸ್ಸಾದವರಿಗೆ ಈಗಿನದೆಲ್ಲ ಕೆಟ್ಟದ್ದೇ ಅಲ್ಲವೇ ಎಂದು ಚೀಲಕ್ಕೆ ತುಂಬಿದೆ. ಚೀಲ ಹೊತ್ತು ಮೆಟ್ಟಿಲು ಹತ್ತುವಾಗ ಅತ್ತೆಯ ಮೇಲೂ ಸಿಟ್ಟು ಬಂತು, ಮಾವನ ಮೇಲೂ ಬಂತು, ಕಾರ್ಪೆಟ್ ಕಂಡುಹಿಡಿದವನ ಮೇಲೂ ಬಂತು.

ಐದನೆಯ ಭಾನುವಾರ ನಾವು ಹೋದದ್ದು ಮರದ ಅಡ್ಡೆಯ ಹಿಂದಿನ ಒಂದು ಗೋದಾಮಿಗೆ. ಅದನ್ನು ನಡೆಸುವಾಕೆ ಮಾವನಿಗಿಂತ ಹತ್ತು ವರ್ಷ ಚಿಕ್ಕವಳಿರಬೇಕು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಕಿವಿಯ ಮೇಲೆ ಸೀಸದಕಡ್ಡಿ. ಮಾವ ಬೆಂಕಿಪೊಟ್ಟಣ ತೆಗೆದರೆ ಆಕೆಯೇ ಒಂದು ತಟ್ಟೆ ತಂದಿಟ್ಟಳು. ಎಳೆ ಸುಟ್ಟು ಕೂದಲ ವಾಸನೆ ಬಂದಾಗ ಮಾವನ ಮುಖ ಸಡಿಲವಾಯಿತು. ನಾನು ಮನಸ್ಸಿನಲ್ಲೇ ಕೈ ಮುಗಿದೆ.

"ನಿಮ್ಮ ನಡುಮನೆಗೆ ಒಂದೇ ತುಂಡಲ್ಲಿ ಸಾಲಲ್ಲ ಯಜಮಾನ್ರೇ. ಎರಡು ತುಂಡು ಜೋಡಿಸ್ಬೇಕು. ಈ ಜಾತಿದು ನನ್ನ ಹತ್ರ ಎರಡೇ ತುಂಡು ಉಳಿದಿರೋದು. ಹದ ಹೇಗಿದೆ ನೀವು ನೋಡ್ಲಿ ಅಂತ ಹಾಸ್ತೀನಿ, ಬಣ್ಣ ಆಮೇಲೆ ಯೋಚನೆ ಮಾಡೋಣ" ಅಂದಳು ಆಕೆ.

ಹಿತ್ತಲಿನಲ್ಲಿ, ಗೋಡೆಯ ನೆರಳಿನಲ್ಲಿ ಎರಡು ತುಂಡುಗಳನ್ನು ಅಕ್ಕಪಕ್ಕ ಬಿಡಿಸಿ ಹಾಕಿದರು. ಒಂದು ಕಡುಗೆಂಪು. ಇನ್ನೊಂದು ಪಾಚಿಯ ಹಸಿರು.

ಮಾವ ಚಪ್ಪಲಿ ಬಿಟ್ಟು ಎರಡರ ಮೇಲೂ ನಡೆದರು. ಮಂಡಿಯೂರಿ ಅಂಗೈಯಿಂದ ಸವರಿದರು. ಎದ್ದು ಹತ್ತು ಹೆಜ್ಜೆ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನೋಡಿದರು. ಗಿರಣಿಯಲ್ಲಿ ಹಾಗೆಯೇ ನೋಡುತ್ತಿದ್ದರಂತೆ. ತುಂಬ ಹೊತ್ತು ನೋಡಿದರು. ಆಮೇಲೆ ಹೇಳಿದರು:

"ಇದು ಕೆಲಸ ಅಂದ್ರೆ. ಎರಡು ಬಾನಿ ಇರ್ಬೇಕು, ಆದ್ರೂ ಒಂದೇ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಯಾರಪ್ಪಾ ಈ ಕೆಂಪು ಕಾಯಿಸಿದವನು?"

ಗೋದಾಮಿನಾಕೆ ನಕ್ಕಳು, ತಮಾಷೆ ಅಂದುಕೊಂಡಿರಬೇಕು. ಮಾವ ತಮಾಷೆ ಮಾಡುತ್ತಿರಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿತ್ತು.

ಟೊಮೇಟೊ ನೆನಪಾಯಿತು. ರಸ್ತೆ ದಾಟುವಾಗ ಸಿಗ್ನಲ್ ನೋಡದೆ ಪಕ್ಕದವರು ಹೆಜ್ಜೆ ಇಟ್ಟ ಮೇಲೆ ಹೆಜ್ಜೆ ಇಡುತ್ತಿದ್ದದ್ದು ನೆನಪಾಯಿತು. ಹಸಿರು ಸ್ವೆಟರಿಗೆ ಕೆಂಪು ನೂಲಿನಿಂದ ತಾವೇ ಗುಂಡಿ ಹೊಲಿದುಕೊಂಡಿದ್ದಕ್ಕೆ ಅತ್ತೆ ನಕ್ಕದ್ದು, ಇವರು ಮುಖ ಊದಿಸಿಕೊಂಡದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಐದು ವಾರ ನಾನು ಇವರ ಹಟ ಅಂದುಕೊಂಡಿದ್ದೆ. ಊರಿನ ಬಣ್ಣಗಳೆಲ್ಲ ಸತ್ತಿವೆ ಎಂದು ಇವರು ಹೇಳುತ್ತಿದ್ದದ್ದು ದೂರಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದರು. ದೂರು ಕೇಳುವುದೇ ಕಸುಬಾದ ನನಗೆ ಅದು ಕೇಳಿಸಿರಲಿಲ್ಲ. ನಾಚಿಕೆಯಾಯಿತು.

ಆಕೆ ಬಾಯಿ ತೆರೆಯುವುದರಲ್ಲಿದ್ದಳು. ನಾನು ಕಣ್ಣಲ್ಲೇ ಬೇಡ ಅಂದೆ. ಆಕೆ ನನ್ನನ್ನೂ ಮಾವನನ್ನೂ ನೋಡಿ, ಕನ್ನಡಕ ತೆಗೆದು ಒರೆಸತೊಡಗಿದಳು. ಹತ್ತಿರ ಬಂದು ಪಿಸುಗುಟ್ಟಿದಳು, "ಕೆಂಪು ಇನ್ನೊಂದು ತುಂಡು ಬೇರೆ ಜಾತಿದಿದೆ. ಕಳಿಸುವಾಗ ಬದಲಾಯಿಸಿ ಕಳಿಸ್ಲಾ?"

ತಲೆಯಾಡಿಸುವುದರಲ್ಲಿದ್ದೆ. ಅಷ್ಟರಲ್ಲಿ ಮಾವ ಜೇಬಿನಿಂದ ಬಿಳಿ ದಾರದ ಉಂಡೆ ತೆಗೆದರು. ಮೊದಲು ಕೆಂಪಿನ ಮೂಲೆಗೆ, ಆಮೇಲೆ ಹಸಿರಿನ ಮೂಲೆಗೆ, ಮೂರು ಸುತ್ತು ಸುತ್ತಿ ಗಂಟು ಹಾಕಿ, ಹಲ್ಲಿನಿಂದ ದಾರ ಕಚ್ಚಿ ತುಂಡು ಮಾಡಿದರು. ಗಂಟು ಸರಿಯಾಗಿ ಬಿತ್ತು. ಸಾಗಿಸುವ ಗಾಡಿಯಲ್ಲಿ ಡ್ರೈವರ್ ಪಕ್ಕ ಕೂರಲು ಒಪ್ಪದೆ ಹಿಂದೆಯೇ, ಸುರುಳಿಗಳ ಮೇಲೆ ಕೈಯಿಟ್ಟುಕೊಂಡು ಕೂತರು. ಆ ಕೈಯ ಕೆಳಗಿಂದ ಏನನ್ನು ಬದಲಾಯಿಸುವುದು?

ಬುಧವಾರ ಅರ್ಧ ದಿನ ರಜೆ ಹಾಕಿ, ಕನ್ನಡಕದ ಕಾಲು ಸರಿಮಾಡಿಸೋಣ ಎಂದು ನೆಪ ಹೇಳಿ, ಮಾವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಒಳಗಿರುವ ಅಂಕಿ ಓದಿ ಅಂದರು. ಮಾವ ಒಂದೊಂದು ಹಾಳೆಗೂ ಧೈರ್ಯವಾಗಿ ಒಂದೊಂದು ಅಂಕಿ ಹೇಳಿದರು. ಒಂದೂ ಸರಿಯಿರಲಿಲ್ಲ. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದಕ್ಕೆ ಆಪರೇಷನ್ ಇಲ್ಲ, ಮೊದಲು ಬಣ್ಣ ಹೋಗುತ್ತದೆ, ಹನಿ ಹಾಕಿದರೆ ಉಳಿದದ್ದು ಇನ್ನಷ್ಟು ದಿನ ಉಳಿದೀತು ಎಂದು ಡಾಕ್ಟರು ನಮ್ಮಿಬ್ಬರಿಗೂ ಸೇರಿಸಿಯೇ ಹೇಳಿದರು. ಮಾವ ಶಾಂತವಾಗಿ ಕೇಳಿದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತು, "ಡಾಕ್ಟರು ಹೇಳಿದ್ದು ಸರಿ ಕಣಮ್ಮ. ದೂರದ್ದು ಮಂಜಾಗಿದೆ, ಅಕ್ಷರ ಕಾಣಲ್ಲ" ಅಂದರು. ಡಾಕ್ಟರ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು, "ಬಣ್ಣ ಹೋಗುತ್ತೆ ಅಂದ್ರಲ್ಲ, ಅದು ಮುಂದೆ ಯಾವಾಗ್ಲೋ. ಸದ್ಯ, ಹೋಗೋದ್ರೊಳಗೆ ಒಂದು ಸರಿಯಾದ ಗಂಟು ಹಾಕ್ದೆ" ಅಂದರು.

ನಾನು ಹೇಳಬೇಕಿತ್ತೇ? ಹೇಳಬೇಕಿತ್ತೋ ಏನೋ. ಔಷಧಿ ಅಂಗಡಿಯಲ್ಲಿ ಹನಿ ತೆಗೆದುಕೊಂಡು ಬಸ್ ಹತ್ತಿದೆವು.

ಬಾಗಿಲ ಹಿಂದೆ ನಿಲ್ಲಿಸಿದ್ದ ಸುರುಳಿಗಳನ್ನು ನನ್ನ ಗಂಡ ಅವತ್ತು ಬಿಚ್ಚಿ ನೋಡಿದರು. "ಏನೇ ಇದು, ಒಂದು ಕೆಂಪು ಒಂದು ಹಸಿರು? ನಿನಗೇನು ಕಣ್ಣು ಹೋಗಿತ್ತಾ?" ಅಂದರು. ಬಾಗಿಲು ಹಾಕಿ ಎಲ್ಲ ಹೇಳಿದೆ. ಗೋಡೆಗೆ ಒರಗಿ ನಿಂತರು. "ವಾಪಸ್ ಕೊಡೋಣ" ಅಂದರು.

"ಕೊಡೋಣ. ಯಾಕೆ ಅಂತ ನಿಮ್ಮಪ್ಪನಿಗೆ ನೀವೇ ಹೇಳಿ."

ಇಡೀ ಊರಿನ ಟ್ರಾಫಿಕ್ಕಿನಲ್ಲಿ ಬಸ್ ನಡೆಸುವ ಮನುಷ್ಯ, ಅಪ್ಪನ ಕೋಣೆಯ ಬಾಗಿಲ ತನಕ ಹೋಗಿ ವಾಪಸು ಬಂದರು.

ಮುಂದಿನ ಭಾನುವಾರ ಹಾಸುವವನು ಬಂದ. ಮೆಟ್ಟಿಲಲ್ಲೇ ತಡೆದು ಅವನ ಕಿವಿಯಲ್ಲಿ ವಿಷಯ ಹಾಕಿದೆ. ಒಳ್ಳೆಯವನು, ತಲೆಯಾಡಿಸಿ ಅಳತೆಪಟ್ಟಿ ತೆಗೆದ. ಹಳೆಯ ಕಾರ್ಪೆಟ್ ಸುತ್ತಿ ಎತ್ತುವ ಮೊದಲು ಮಾವ ಕತ್ತರಿ ಕೇಳಿ ತೆಗೆದುಕೊಂಡು, ಅದರ ಮೂಲೆಯಲ್ಲಿ ಮೂವತ್ತೊಂದು ವರ್ಷದ ಹಿಂದೆ ತಾವೇ ಹಾಕಿದ್ದ ಗಂಟನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡರು. ದಾರ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಸದು ಬಿಗಿಯಾಗಿ ಕೂತಿತು. ಬಾಗಿಲ ಕಡೆಯ ಮುಕ್ಕಾಲು ಪಾಲು ಕೆಂಪು, ಕಿಟಕಿ ಕಡೆಯ ಕಾಲು ಪಾಲು ಹಸಿರು, ನಡುವೆ ಗೋಡೆಯಿಂದ ಗೋಡೆಗೆ ಒಂದು ಗೆರೆ. ರಸ್ತೆಯಲ್ಲಿ ಹೋಗುವವರಿಗೂ ಕಿಟಕಿಯಿಂದ ಕಂಡೀತು.

ಈಗ ಉಳಿದದ್ದು ಅತ್ತೆ. ಅತ್ತೆಯ ನಾಲಿಗೆ ನನಗೆ ಗೊತ್ತು. ಪಲ್ಯಕ್ಕೆ ಒಂದು ಕಲ್ಲು ಉಪ್ಪು ಹೆಚ್ಚಾದರೆ ಮೂರು ದಿನ ಅದನ್ನೇ ಎತ್ತಿ ಆಡುವವರು, ಕಣ್ಣಿಗೆ ಕಂಡದ್ದನ್ನು ಅಲ್ಲೇ ಆಡುವವರು. ಮೊದಲೇ ಹೇಳಿಬಿಡೋಣ ಎಂದು ಆ ಮಧ್ಯಾಹ್ನವೇ ಮೂರು ಸಲ ಫೋನ್ ಮಾಡಿದೆ. ಪ್ಲಾಸ್ಟರ್ ಕೈಯಲ್ಲಿ ಫೋನ್ ಹಿಡಿಯಲಾಗದೆ ಅತ್ತೆ ಅದನ್ನು ಮೇಜಿನ ಮೇಲಿಟ್ಟು ದೊಡ್ಡದಾಗಿ ಮಾತಾಡುವರು, ನಮ್ಮ ಕಡೆ ಮಾವ ನನ್ನ ಪಕ್ಕದಲ್ಲೇ ನಿಂತಿರುವರು. ಸಂಜೆ ಕರೆತರುವಾಗ ದಾರಿಯಲ್ಲಿ ಹೇಳೋಣ ಎಂದು ಹೊರಟರೆ, ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಅವರಿಬ್ಬರೂ ಒಂದು ಸೀಟಿನಲ್ಲಿ ಕೂತರು, ನಾನು ಹಿಂದೆ. ದಾರಿಯುದ್ದಕ್ಕೂ ಮಾವ ಕಾರ್ಪೆಟ್ಟಿನ ಮಾತೇ. ಎರಡು ಬಾನಿಯಂತೆ, ಒಂದೇ ಕೆಂಪಂತೆ, ಮೂವತ್ತೆಂಟು ವರ್ಷದಲ್ಲಿ ಇಂಥದ್ದು ಕಂಡಿರಲಿಲ್ಲವಂತೆ. ಅತ್ತೆ, "ಹೂಂ, ನೋಡೋಣ. ಕಾಲಿಗೆ ಸಿಗದಿದ್ರೆ ಸಾಕು" ಅನ್ನುತ್ತಿದ್ದರು. ಹಿಂದೆ ಕೂತು ನಾನು ಅತ್ತೆಯ ಬೆನ್ನು ನೋಡುತ್ತಿದ್ದೆ. ಭುಜ ಮುಟ್ಟಿ ಕಿವಿಯಲ್ಲಿ ಹೇಳಿಬಿಡಲೇ ಅನ್ನಿಸಿತು. ಮಾವನ ಕಣ್ಣು ಹೋಗಿದೆ, ಕಿವಿ ನೆಟ್ಟಗಿದೆ.

ಮನೆ ಬಂತು. ಮಾವ ಬೀಗ ತೆಗೆದು, ಬಾಗಿಲು ಪೂರ್ತಿ ತೆರೆದು, ಪಕ್ಕಕ್ಕೆ ಸರಿದು ನಿಂತರು. ಅತ್ತೆ ಹೊಸ್ತಿಲ ಮೇಲೆ ನಿಂತು ನೋಡಿದರು.

ಮೊದಲು ಅವರ ಹುಬ್ಬು ಮೇಲೇರಿತು. ಬಾಯಿ ಅರ್ಧ ತೆರೆಯಿತು. ನನ್ನ ಕಡೆ ತಿರುಗಿದರು. ನಾನು ಏನು ಮಾಡಲಿ, ತಲೆ ತಗ್ಗಿಸಿದೆ. ಆಮೇಲೆ ಮಾವನ ಕಡೆ ತಿರುಗಿದರು. ಮಾವ ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು, ಪರೀಕ್ಷೆ ಬರೆದವರ ಹಾಗೆ ನಿಂತಿದ್ದರು.

"ಗೆರೆ ಕಾಣುತ್ತಾ?" ಅಂದರು ಮಾವ.

ಅತ್ತೆ ಚಪ್ಪಲಿ ಬಿಟ್ಟರು. ಕೆಂಪಿನ ಮೇಲೆ ನಿಧಾನವಾಗಿ ನಡೆದರು. ಗೆರೆಯ ಹತ್ತಿರ ಬಂದು ನಿಂತರು. ದಾಟಿ ಹಸಿರಿನ ಮೇಲೆ ಕಾಲಿಟ್ಟರು. ಕಿಟಕಿಯವರೆಗೂ ಹೋಗಿ ಬೆನ್ನು ತಿರುಗಿಸಿಯೇ ನಿಂತಿದ್ದರು.

"ಇಲ್ಲ ಕಣ್ರೀ. ಈ ಕಡೆಯಿಂದ ಆ ಕಡೆಗೆ ಒಂದೇ ಥರ ಇದೆ."

ಮಾವ ನಕ್ಕರು. ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿರಲಿಲ್ಲ. "ನೋಡು, ಮೂವತ್ತೊಂದು ವರ್ಷ ಆದ್ಮೇಲೆ ಇವತ್ತು ನಿಜ ಹೇಳ್ದೆ. ನನಗೆ ಗೊತ್ತಾಗುತ್ತೆ ಕಣೇ, ನಿನ್ನ ದನಿಯಲ್ಲೇ ಗೊತ್ತಾಗುತ್ತೆ" ಅಂದರು. ಜೇಬಿನಿಂದ ಹಳೆಯ ಗಂಟು ತೆಗೆದು ಅತ್ತೆಯ ಎಡಗೈಯಲ್ಲಿಟ್ಟು, "ಇದನ್ನ ಎಸೆದುಬಿಡು ಇನ್ನು" ಅಂದರು. ಆಮೇಲೆ ಗೆರೆಯ ಮೇಲೆಯೇ, ಒಂದು ಕಾಲು ಕೆಂಪಿನ ಮೇಲೆ ಒಂದು ಕಾಲು ಹಸಿರಿನ ಮೇಲೆ ಚಾಚಿ, ನೆಲಕ್ಕೇ ಕೂತುಬಿಟ್ಟರು. ಎರಡು ತಿಂಗಳಿಂದ ಸರಿಯಾಗಿ ಉಣ್ಣದವರು, "ಹಸಿವಾಗ್ತಿದೆ" ಅಂದರು.

ಅತ್ತೆಯ ಹಿಂದೆ ನಾನೂ ಅಡುಗೆಮನೆಗೆ ಹೋದೆ. ಅವರು ನಲ್ಲಿ ತಿರುಗಿಸಿ, ನೀರು ಸುರಿಯಲು ಬಿಟ್ಟು ನಿಂತಿದ್ದರು. ತೊಳೆಯಲು ಅಲ್ಲಿ ಏನೂ ಇರಲಿಲ್ಲ. ಎಡಗೈ ಮುಷ್ಟಿ ಬಿಗಿಯಾಗಿತ್ತು. ನೀರಿನ ಸದ್ದಿನ ಮರೆಯಲ್ಲಿ ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಮುಗಿಯುವ ತನಕ ಕೇಳಿದರು.

"ನಿಜ ಹೇಳ್ದಾಗ ಒಂದು ದಿನಾನೂ ನಂಬ್ಲಿಲ್ಲ ಕಣೇ ಆ ಮನುಷ್ಯ" ಅಂದರು.

ಆಮೇಲೆ ಮುಖ ಒರೆಸಿಕೊಂಡರು, ನಲ್ಲಿ ನಿಲ್ಲಿಸಿದರು. ಗಂಟನ್ನು ಎಸೆಯಲಿಲ್ಲ, ಚಮಚಗಳ ಡಬ್ಬಿಯ ತಳಕ್ಕೆ ಹಾಕಿದರು. "ನೀನು ಸ್ವಲ್ಪ ಹೊತ್ತು ಹೋಗಿ ಮಲ್ಕೋ, ಮುಖ ನೋಡು ಹೇಗಾಗಿದೆ. ಬೀನ್ಸ್ ಎಲ್ಲಿದೆ ಹೇಳು, ತುದಿ ಮುರೀತೀನಿ. ಅಷ್ಟು ಒಂದು ಕೈಯಲ್ಲೇ ಆಗುತ್ತೆ" ಅಂದರು.